ದನಿಯ ಗದ್ದೆಯಲ್ಲಿ ಕಳೆ ಕೀಳುವ ಬಗೆ

(ಶತಮಾನೋತ್ಸವದ ಸಿದ್ಧತೆಯ ಅಂಗವಾಗಿ ಗಾನವೃಂದದವರು, ಯುವಜನರು ಹಾಗೂ ಕುಟುಂಬಗಳ ಹಿರಿಯರು ಸೇರಿದ್ದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ದೇವಾಲಯಕ್ಕೆ ನೂರು ವರ್ಷ ತುಂಬುವ ಹೊತ್ತಿನಲ್ಲಿ ಹಿಂದಿನದನ್ನು ಒಟ್ಟುಗೂಡಿಸುವ ಕಾರ್ಯ ಎಲ್ಲೆಡೆಯೂ ನಡೆಯುವಂಥದೇ. ಸ್ನಾನಸಂಸ್ಕಾರದ ದಾಖಲೆ ಪುಸ್ತಕಗಳು, ವಿವಾಹದ ಪುಸ್ತಕಗಳು, ಮರಣದ ಪುಸ್ತಕಗಳು ನಮ್ಮ ಕಪಾಟಿನಲ್ಲಿವೆ. ಹಳೆಯ ಛಾಯಾಚಿತ್ರಗಳನ್ನು ಕುಟುಂಬದವರು ತಂದುಕೊಡುತ್ತಿದ್ದಾರೆ. ಆದರೆ ಧರ್ಮಕೇಂದ್ರದ ಚರಿತ್ರೆಯ ಮತ್ತೊಂದು ಭಾಗ ಕಾಗದದ ಮೇಲಿಲ್ಲ, ಅದು ದನಿಯಲ್ಲಿದೆ. ಯಾರೋ ಹಾಡಿದ ಕೀರ್ತನೆ, ಯಾರೋ ನಡೆಸಿಕೊಟ್ಟ ಜಪಸರ, ಕ್ರಿಸ್ತಜಯಂತಿಯ ರಾತ್ರಿಯ ಬಲಿಪೂಜೆ, ಮದುವೆಯ ಮನೆಯ ರೋಸ್ ಶಾಸ್ತ್ರದ ಹಾಡು, ಇವೆಲ್ಲವೂ ಕ್ಯಾಸೆಟ್ಟುಗಳಲ್ಲಿಯೂ, ಮನೆಯಲ್ಲಿಯೇ ಬರೆದ ಸಿ.ಡಿ.ಗಳಲ್ಲಿಯೂ ಅಡಗಿ ಕುಳಿತಿವೆ. ಇವನ್ನು ಗಣಕಯಂತ್ರಕ್ಕೆ ಇಳಿಸಿ ಒಂದು ಸಂಗ್ರಹವನ್ನು ಸಿದ್ಧಪಡಿಸಬೇಕೆಂದು ಯುವಜನರು ಉತ್ಸಾಹದಿಂದ ಮುಂದೆ ಬಂದಿರುವುದು ಸಂತೋಷದ ಸಂಗತಿ. ಅವರು ನಮ್ಮ ಮುಂದಿಟ್ಟಿರುವ ಮೊದಲ ಪ್ರಶ್ನೆ ಒಂದೇ: ‘ಫಾದರ್, ಹಾಡಿನ ನಡುನಡುವೆ ಬರುವ ಈ ಟಕ್ ಟಕ್ ಸದ್ದನ್ನು ತೆಗೆಯುವುದು ಹೇಗೆ?’

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕವೆಲ್ಲ ಅದರಲ್ಲಿ ಅಡಕವಾಗಿದೆ. ಆದುದರಿಂದ ಇಂದಿನ ನಮ್ಮ ಮಾತುಗಳನ್ನು ಈ ಒಂದು ವಿಷಯಕ್ಕೇ ಮೀಸಲಿಡುತ್ತೇವೆ.

ನಮ್ಮ ಪ್ರಾಂತದಲ್ಲಿ ಇಷ್ಟೊಂದು ಕ್ಯಾಸೆಟ್ಟುಗಳು ಹೇಗೆ ಬಂದವು ಎಂಬುದನ್ನು ಮೊದಲು ನೆನೆಯೋಣ. 1963ನೆಯ ವರ್ಷವನ್ನು ಗಮನಿಸಿರಿ. ಆ ವರ್ಷದ ಆಗಸ್ಟಿನಲ್ಲಿ ಬರ್ಲಿನ್ ನಗರದ ರೇಡಿಯೋ ಪ್ರದರ್ಶನದಲ್ಲಿ ಫಿಲಿಪ್ಸ್ ಸಂಸ್ಥೆಯವರು ಅಂಗೈಯಗಲದ ಕ್ಯಾಸೆಟ್ಟನ್ನು ಮೊದಲ ಬಾರಿಗೆ ಪ್ರದರ್ಶಿಸಿದರು. ನವೆಂಬರಿನಲ್ಲಿ ಮೈಸೂರು ಧರ್ಮಪ್ರಾಂತದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ ರೂಪುಗೊಂಡಿತು. ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಎರಡು ಪತ್ರಗಳನ್ನು ಹೊರಡಿಸಿತು: ಒಂದು ಪೂಜಾವಿಧಿಯನ್ನು ಕುರಿತದ್ದು, ಇನ್ನೊಂದು ಸಮೂಹ ಸಂಪರ್ಕ ಸಾಧನಗಳನ್ನು ಕುರಿತದ್ದು. ಮೊದಲನೆಯದು ದೇಶಭಾಷೆಯ ಬಲಿಪೂಜೆಗೂ ದೇಶಭಾಷೆಯ ಗಾಯನಕ್ಕೂ ಬಾಗಿಲು ತೆರೆಯಿತು. ಎರಡನೆಯದು ಧ್ವನಿ, ಚಿತ್ರ, ಮುದ್ರಣಗಳನ್ನು ಸದುಪಯೋಗ ಮಾಡಿಕೊಳ್ಳಿರಿ ಎಂದು ಹುರಿದುಂಬಿಸಿತು. ಹೊಸ ಹಾಡುಗಳು, ಹೊಸ ಯಂತ್ರ, ಹೊಸ ಧರ್ಮಪ್ರಾಂತ ಒಟ್ಟೊಟ್ಟಿಗೇ ಬಂದವು. ಕನ್ನಡ ನಾಡಿನಲ್ಲಿಯೂ ಕ್ಯಾಸೆಟ್ಟಿನ ಪ್ರಭಾವ ಅಲ್ಪವಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು ಹೊರಬಂದ ಮೇಲೆ ಭಾವಗೀತೆ ಮನೆಮನೆಯನ್ನು ಹೊಕ್ಕಿತು. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದ ಕೊಂಕಣಿ ಕುಟುಂಬಗಳು, ಕೇರಳದಿಂದ ನರಸಿಂಹರಾಜಪುರದ ಕಡೆಗೆ ಬಂದು ನೆಲೆಸಿದವರು, ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರು ತಂತಮ್ಮ ಹಾಡುಗಳನ್ನು ಖಾಲಿ ಕ್ಯಾಸೆಟ್ಟುಗಳಲ್ಲಿ ತುಂಬಿಟ್ಟರು. 2000ದ ಆಸುಪಾಸಿನಲ್ಲಿ ಸಿ.ಡಿ. ಬರೆಯುವ ಯಂತ್ರ ಗಣಕಯಂತ್ರದೊಡನೆ ಮನೆಗಳಿಗೆ ಬಂದಾಗ ಅವುಗಳಲ್ಲಿ ಕೆಲವು ಸಿ.ಡಿ.ಗೆ ದಾಟಿದವು; ದಾಟುವಾಗ ಹಳೆಯ ಸದ್ದುಗಳ ಜೊತೆಗೆ ಹೊಸ ಸದ್ದುಗಳನ್ನೂ ಅಂಟಿಸಿಕೊಂಡವು.

ಈಗ ಈ ‘ಟಕ್’ ಎಂಬುದರ ಸ್ವರೂಪವನ್ನು ವಿಚಾರಿಸೋಣ. ಶಬ್ದವೆಂಬುದು ಗಾಳಿಯಲ್ಲಿ ಎದ್ದ ಅಲೆ. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಆ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ, ಸಂಖ್ಯೆಯಾಗಿ ಬರೆದಿಡುತ್ತಾರೆ. ಹಾಡುವ ಕಂಠದ ಅಲೆ ನಮ್ಮ ಮಲೆನಾಡಿನ ಗುಡ್ಡಗಳಂತೆ ನಯವಾಗಿ ಏರಿ ಇಳಿಯುತ್ತದೆ. ಒಂದು ಅಳತೆಗೂ ಮುಂದಿನ ಅಳತೆಗೂ ಅಜಗಜಾಂತರವಿರುವುದಿಲ್ಲ. ಆ ಸಾಲಿನ ನಡುವೆ ಹತ್ತು ಇಪ್ಪತ್ತು ಸಂಖ್ಯೆಗಳು ನೆರೆಹೊರೆಗೆ ಸಂಬಂಧವಿಲ್ಲದೆ ಥಟ್ಟನೆ ನೆಗೆದರೆ, ಅಥವಾ ಥಟ್ಟನೆ ಸೊನ್ನೆಗೆ ಬಿದ್ದರೆ, ಕಿವಿ ಅದನ್ನು ‘ಟಕ್’ ಎಂದು ಕೇಳುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ 44 ಅಳತೆಗಳಿವೆ. ಅನೇಕ ಟಕ್‌ಗಳು ಅದಕ್ಕಿಂತಲೂ ಕಿರಿದು. ಅಷ್ಟು ಅಲ್ಪವಾದದ್ದು ಇಡೀ ಕೀರ್ತನೆಯ ಧ್ಯಾನವನ್ನು ಕೆಡಿಸುವುದು ನಮ್ಮೆಲ್ಲರ ಅನುಭವ.

ಇದು ನಮಗೆ ಮಾತ್ರ ಒದಗಿದ ತೊಡಕೆಂದು ಭಾವಿಸಬೇಡಿರಿ. ಧ್ವನಿಮುದ್ರಣ ಎಷ್ಟು ಹಳೆಯದೋ ಈ ತೊಡಕೂ ಅಷ್ಟೇ ಹಳೆಯದು. ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರರ ಹೆಸರನ್ನು ನೀವು ಕೇಳಿರಲಾರಿರಿ. ಅವರು 1902ರ ವಸಂತದಲ್ಲಿ ತಮ್ಮ ಯಂತ್ರವನ್ನು ವ್ಯಾಟಿಕನ್ನಿಗೆ ಒಯ್ದು, ಸಿಸ್ಟೀನ್ ಪ್ರಾರ್ಥನಾಲಯದ ಗಾನವೃಂದದ ಅಲೆಸ್ಸಾಂಡ್ರೊ ಮೊರೆಸ್ಕಿ ಎಂಬ ಗಾಯಕರ ದನಿಯನ್ನು ಮುದ್ರಿಸಿಕೊಂಡರು. ಅದೇ ಗೈಸ್‌ಬರ್ಗ್ ಅದೇ ವರ್ಷ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿದ್ದರು. ಅಲ್ಲಿ ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯ ಹಾಡನ್ನು ಮುದ್ರಿಸಿದರು. ಗೌಹರ್ ಜಾನರ ಕಡೆಯ ದಿನಗಳು ನಮ್ಮ ನಾಡಿನಲ್ಲಿಯೇ ಕಳೆದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಮೈಸೂರಿನಲ್ಲಿ ನಿಧನರಾದರು. ಆ ಕಾಲದ ತಟ್ಟೆಗಳು ಅರಗಿನವು. ಅರಗಿಗೆ ಗಟ್ಟಿತನ ಬರಲೆಂದು ಕಲ್ಲಿನ ಪುಡಿಯನ್ನು ಬೆರೆಸುತ್ತಿದ್ದರು. ಆದುದರಿಂದ ಅವುಗಳಲ್ಲಿ ಚಟಚಟ ಸದ್ದು ಹುಟ್ಟಿನಿಂದಲೇ ಬಂದದ್ದು. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಕಟ್ಟಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಎಂಬ ಸಂಗ್ರಹ ಇಂಥ ತಟ್ಟೆಗಳನ್ನು ಹುಡುಕಿ, ಗಣಕಕ್ಕಿಳಿಸಿ, ಜನರ ಕಿವಿಗೆ ಮುಟ್ಟಿಸುವ ಕೆಲಸ ಮಾಡಿದೆ.

ಗೌಹರ್ ಜಾನರ ತಟ್ಟೆಯಲ್ಲಿ ಒಂದು ಪಾಠವಿದೆ. ಹಾಡು ಮುಗಿಯುತ್ತಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ತಟ್ಟೆಗಳನ್ನು ಅಚ್ಚು ಮಾಡುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಇದು ಯಾರ ತಟ್ಟೆಯೆಂದು ತಿಳಿಯಲೆಂದು ಆ ಪದ್ಧತಿ. ಸಂಗೀತದ ದೃಷ್ಟಿಯಿಂದ ನೋಡಿದರೆ ಆ ಮಾತು ಅನಾವಶ್ಯಕ, ಕತ್ತರಿಸಬಹುದಾದದ್ದು. ಆದರೆ ಇಂದು ಆ ತಟ್ಟೆಯನ್ನು ಜಗತ್ತು ಗುರುತಿಸುವುದೇ ಆ ಒಂದು ಮಾತಿನಿಂದ. ಬೇಡದ ಸದ್ದು ಯಾವುದೆಂದು ನಿರ್ಧರಿಸುವ ಅಧಿಕಾರವನ್ನು ನಾವು ಎಷ್ಟು ಹಗುರವಾಗಿ ಕೈಗೆತ್ತಿಕೊಳ್ಳುತ್ತೇವೆ ಎಂಬುದನ್ನು ಇದರಿಂದ ಯೋಚಿಸಿರಿ.

ವೈದ್ಯನು ಮದ್ದು ಕೊಡುವ ಮೊದಲು ರೋಗದ ಮೂಲವನ್ನು ಕೇಳುವಂತೆ, ಟಕ್ ಸದ್ದನ್ನು ತೆಗೆಯುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಬೇಕು. ಮೂಲ ಹೊರಗಿದ್ದರೆ ಅಲ್ಲಿಯೇ ತಡೆಯತಕ್ಕದ್ದು. ಒಳಗೆ ಬಂದ ಮೇಲೆ ತೆಗೆಯುವುದು ಎರಡನೆಯ ಮಾತು.

ಮೊದಲನೆಯದು ಧೂಳು. ಗ್ರಾಮಫೋನ್ ತಟ್ಟೆಯ ಗೆರೆಯಲ್ಲಿ ಕುಳಿತ ಧೂಳಿನ ಕಣಕ್ಕೆ ಮುಳ್ಳು ತಾಗಿದಾಗಲೆಲ್ಲ ಒಂದು ಟಕ್. ತಟ್ಟೆಯನ್ನು ತೊಳೆದು, ನೆರಳಿನಲ್ಲಿ ಪೂರ್ಣವಾಗಿ ಒಣಗಿಸಿ, ಆಮೇಲೆ ನುಡಿಸಿದರೆ ಅರ್ಧ ಕೆಲಸ ಮುಗಿದಂತೆ. ಅರಗಿನ ತಟ್ಟೆಗೆ ಮಾತ್ರ ಸ್ಪಿರಿಟ್ಟು ತಗಲಿಸಲೇ ಕೂಡದು; ಅರಗು ಅದರಲ್ಲಿ ಕರಗಿಹೋಗುತ್ತದೆ. ಹಳೆಯ 78 ಸುತ್ತಿನ ತಟ್ಟೆಗೆ ಅಗಲ ಮೊನೆಯ ಮುಳ್ಳೇ ಬೇಕು; ಲಾಂಗ್ ಪ್ಲೇ ತಟ್ಟೆಯ ಸಣ್ಣ ಮುಳ್ಳು ಗೆರೆಯ ತಳಕ್ಕಿಳಿದು ಕಸವನ್ನೇ ಕೆರೆಯುತ್ತದೆ.

ಎರಡನೆಯದು ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರ ನೆರೆಯವರಾದ ನಮ್ಮ ಶೃಂಗೇರಿ, ಕೊಪ್ಪದ ಮಳೆಗಾಲ ಎಂಥದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬರುವ ಬೂಷ್ಟು ಕ್ಯಾಸೆಟ್ಟಿನ ಪಟ್ಟಿಗೂ ಬರುತ್ತದೆ. ಬಿಳಿಯ ಪುಡಿ ಕಂಡ ಕ್ಯಾಸೆಟ್ಟನ್ನು ಆತುರಪಟ್ಟು ಟೇಪ್ ರೆಕಾರ್ಡರಿಗೆ ಹಾಕಬೇಡಿರಿ. ಅದು ಯಂತ್ರದ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಅಂಥವನ್ನು ಬೇರೆಯಾಗಿಟ್ಟು ಬಲ್ಲವರ ಕೈಗೆ ಕೊಡಿರಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ಇಡುವುದೂ ಸರಿಯಲ್ಲ. ಹೊಗೆ ಮತ್ತು ಶಾಖ ಅಡಕೆಗೆ ಹಿತವಾಗಬಹುದು, ಟೇಪಿಗೆ ಅಲ್ಲ.

ಮೂರನೆಯದು ವಿದ್ಯುತ್ತು. ತೋಟದ ಪಂಪ್‌ಸೆಟ್ಟು ಆರಂಭವಾದಾಗ, ಫ್ರಿಜ್ಜು ಕೂಗಿ ನಿಂತಾಗ, ಟ್ಯೂಬ್‌ಲೈಟಿನ ಸ್ವಿಚ್ಚು ಹಾಕಿದಾಗ ತಂತಿಯಲ್ಲಿ ಒಂದು ಕ್ಷಣದ ಆಘಾತ ಹಾಯುತ್ತದೆ. ದನಿಯನ್ನು ಗಣಕಕ್ಕಿಳಿಸುವ ತಂತಿ ಅದನ್ನೂ ಹೀರಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೆಯೇ ನಡೆಸಿ, ಗಟ್ಟಿಯಾದ ಒಳ್ಳೆಯ ತಂತಿಯನ್ನು ಬಳಸಿ, ಮನೆಯ ಬೇರೆ ಯಂತ್ರಗಳನ್ನು ಆ ಮುಕ್ಕಾಲು ಗಂಟೆ ನಿಲ್ಲಿಸಿದರೆ ಈ ಪೀಡೆ ಬಹುಮಟ್ಟಿಗೆ ತೊಲಗುತ್ತದೆ.

ನಾಲ್ಕನೆಯದು ಗಣಕಯಂತ್ರದ ಗಡಿಬಿಡಿ. ದನಿಯನ್ನು ಬರೆದುಕೊಳ್ಳುತ್ತಿರುವಾಗಲೇ ಯಂತ್ರ ಇನ್ನೂ ನಾಲ್ಕು ಕೆಲಸಗಳಲ್ಲಿ ತೊಡಗಿದ್ದರೆ ನಡುನಡುವೆ ಕೆಲವು ಅಳತೆಗಳು ಬಿಟ್ಟುಹೋಗುತ್ತವೆ. ಬಿಟ್ಟುಹೋದ ಜಾಗದಲ್ಲಿ ಅಲೆ ಮುರಿಯುತ್ತದೆ, ಮುರಿದಲ್ಲಿ ಟಕ್. ಮೂಲ ಕ್ಯಾಸೆಟ್ಟಿನ ಅದೇ ಜಾಗವನ್ನು ಮತ್ತೆ ಕೇಳಿ ನೋಡಿರಿ. ಅಲ್ಲಿ ಸದ್ದಿಲ್ಲದಿದ್ದರೆ ದೋಷ ಗಣಕದ್ದು. ಅದಕ್ಕೆ ಔಷಧವೆಂದರೆ ಉಳಿದ ಕಾರ್ಯಕ್ರಮಗಳನ್ನು ಮುಚ್ಚಿ ಹೊಸದಾಗಿ ಇಳಿಸಿಕೊಳ್ಳುವುದೇ ಹೊರತು ತೇಪೆ ಹಾಕುವುದಲ್ಲ. ದನಿಯ ಮಟ್ಟವನ್ನು ಅತಿಯಾಗಿ ಏರಿಸಿದರೂ ಅಲೆಯ ನೆತ್ತಿ ಕತ್ತರಿಸಿಹೋಗಿ ಒಡಕು ಸದ್ದು ಬರುತ್ತದೆ. ಕತ್ತರಿಸಿಹೋದ ನೆತ್ತಿಯನ್ನು ಮತ್ತೆ ಜೋಡಿಸುವುದು ಕಷ್ಟ. ಮೊದಲೇ ಮಟ್ಟವನ್ನು ತಗ್ಗಿಸಿ ಇಳಿಸುವುದು ಸುಲಭ.

ಐದನೆಯದು ಕತ್ತರಿ. ಹಾಡಿನಿಂದ ಹಾಡನ್ನು ಬೇರ್ಪಡಿಸುವಾಗ ಅಲೆ ಎತ್ತರದಲ್ಲಿರುವ ಜಾಗದಲ್ಲಿ ಕತ್ತರಿಸಿದರೆ, ಅಲ್ಲಿಂದ ಸೊನ್ನೆಗೆ ಒಂದೇ ನೆಗೆತ, ಅದೇ ಟಕ್. ಅಲೆ ಸೊನ್ನೆಯ ಗೆರೆಯನ್ನು ದಾಟುವಲ್ಲಿ ಕತ್ತರಿಸಬೇಕು. ಇಲ್ಲವೇ ಕೊನೆಯ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟನ್ನು ಮೆಲ್ಲಗೆ ಇಳಿಸಿ ಮುಗಿಸಬೇಕು.

ಆರನೆಯದು ಮನೆಯಲ್ಲಿ ಬರೆದ ಸಿ.ಡಿ.ಗಳಿಗೇ ವಿಶೇಷವಾದದ್ದು, ನಮ್ಮ ಯುವಜನರನ್ನು ಹೆಚ್ಚು ಕಾಡಿರುವುದೂ ಇದೇ. ಬಲಿಪೂಜೆಯ ಧ್ವನಿಮುದ್ರಣವನ್ನು ಪ್ರವೇಶಗೀತೆ, ಮಹಿಮಾಗೀತೆ, ಅರ್ಪಣೆ ಎಂದು ಭಾಗ ಮಾಡಿ ಸಿ.ಡಿ.ಗೆ ಬರೆದಾಗ, ಗಣಕದಲ್ಲಿ ಇಲ್ಲದ ಟಕ್ ಸದ್ದು ಪ್ರತಿ ಭಾಗದ ಸಂಧಿಯಲ್ಲಿಯೂ ಕೇಳಿಸುತ್ತದೆ. ಕಾರಣವಿಷ್ಟೆ: ಸಿ.ಡಿ. ದನಿಯನ್ನು ಸೆಕೆಂಡಿಗೆ 75 ಕಂತುಗಳಂತೆ ಹಂಚಿಕೊಳ್ಳುತ್ತದೆ. ಒಂದೊಂದು ಕಂತಿಗೆ 588 ಅಳತೆಗಳು. ನೀವು ಕತ್ತರಿಸಿದ ಭಾಗದ ಕೊನೆಯ ಕಂತು ಪೂರ್ತಿ ತುಂಬದಿದ್ದರೆ ಬರೆಯುವ ಕಾರ್ಯಕ್ರಮ ಉಳಿದ ಜಾಗಕ್ಕೆ ಸೊನ್ನೆಗಳನ್ನು ತುಂಬುತ್ತದೆ. ಸೇರು ತುಂಬಲು ಅಕ್ಕಿ ಸಾಲದಿದ್ದಾಗ ಹೊಟ್ಟು ಸುರಿದಂತೆ. ಜನರ ಪ್ರಾರ್ಥನೆ ಮುಂದುವರಿಯುತ್ತಿರುವ ಸಂಧಿಯಲ್ಲಿ ಆ ಸೊನ್ನೆಗಳು ಕಿವಿಗೆ ಬಡಿಯುತ್ತವೆ. ಪರಿಹಾರವೆಂದರೆ, ಇಡೀ ಪೂಜೆಯನ್ನು ಒಂದೇ ಕಡತವಾಗಿಟ್ಟು, ಭಾಗಗಳು ಎಲ್ಲಿ ಆರಂಭವಾಗಬೇಕೆಂಬ ಪಟ್ಟಿಯನ್ನು ಬೇರೆಯಾಗಿ ಕೊಡುವುದು. ಅಥವಾ ಕಂತಿನ ಗಡಿಯ ಮೇಲೆಯೇ ಕತ್ತರಿಸುವುದು. ಜೊತೆಗೆ ಬರೆಯುವಾಗ ‘ಡಿಸ್ಕ್ ಅಟ್ ಒನ್ಸ್’ ಎಂಬ ವಿಧಾನವನ್ನು ಆರಿಸಬೇಕು. ‘ಟ್ರ್ಯಾಕ್ ಅಟ್ ಒನ್ಸ್’ ಎಂಬ ವಿಧಾನದಲ್ಲಿ ಪ್ರತಿ ಹಾಡಿನ ಕೊನೆಗೆ ಬೆಳಕಿನ ಕಿರಣ ನಿಂತು ಮತ್ತೆ ಹೊತ್ತಿಕೊಳ್ಳುತ್ತದೆ. ಆ ಜೋಡಣೆಯ ಗುರುತನ್ನು ಕೆಲವು ಯಂತ್ರಗಳು ಸದ್ದಾಗಿ ನುಡಿಸಿಬಿಡುತ್ತವೆ.

ಇಷ್ಟೆಲ್ಲ ಎಚ್ಚರಿಕೆಯ ಮೇಲೂ ಉಳಿಯುವ ಟಕ್‌ಗಳನ್ನು ತೆಗೆಯಲೇಬೇಕು. ಅದರ ತತ್ತ್ವ ಸರಳ. ಅಜ್ಜನ ಪತ್ರದ ಒಂದು ಪದವನ್ನು ಗೆದ್ದಲು ತಿಂದಿದೆಯೆನ್ನಿ. ಹಿಂದಿನ ಪದಗಳನ್ನೂ ಮುಂದಿನ ಪದಗಳನ್ನೂ ಓದಿ, ನಡುವಿನದು ಇದೇ ಇರಬೇಕೆಂದು ನಾವು ಊಹಿಸುತ್ತೇವೆ. ಯಂತ್ರವೂ ಹಾಗೆಯೇ ಮಾಡುತ್ತದೆ: ಎರಡೂ ಬದಿಯ ಅಲೆಯ ನಡಿಗೆಯನ್ನು ನೋಡಿ, ಇಲ್ಲಿ ಬರಬಾರದ ಸಂಖ್ಯೆ ಬಂದಿದೆಯೆಂದು ಗುರುತಿಸಿ, ಅದನ್ನು ಕಿತ್ತು, ನಡುವಿನ ಬಿರುಕಿಗೆ ಹೊಂದುವ ಅಲೆಯನ್ನು ಲೆಕ್ಕಹಾಕಿ ತುಂಬುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಧ್ವನಿ ಸಂಗ್ರಹಾಲಯದ ಅಗತ್ಯಕ್ಕಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ಈ ಸಂಶೋಧನೆ ನಡೆದು, 1988ರಲ್ಲಿ ಸೀಡರ್ ಎಂಬ ಸಂಸ್ಥೆಯೇ ಹುಟ್ಟಿತು. ಆಗ ಅದು ಶ್ರೀಮಂತ ಸಂಗ್ರಹಾಲಯಗಳ ಸೊತ್ತು. ಈಗ ‘ಆಡಾಸಿಟಿ’ ಎಂಬ ಕಾರ್ಯಕ್ರಮ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅಮೆರಿಕದ ಕಾರ್ನಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಗಿ 2000ದಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾದದ್ದು ಅದು. ಅದರಲ್ಲಿ ‘ಕ್ಲಿಕ್ ರಿಮೂವಲ್’ ಎಂಬ ಸಾಧನ ಇಡೀ ಹಾಡನ್ನು ಒಮ್ಮೆಗೇ ಶೋಧಿಸುತ್ತದೆ. ‘ರಿಪೇರ್’ ಎಂಬ ಸಾಧನ 128 ಅಳತೆಗಳಷ್ಟು ಚಿಕ್ಕ ಜಾಗವನ್ನು ಮಾತ್ರ ದುರಸ್ತಿ ಮಾಡುತ್ತದೆ. ಹಾಡನ್ನು ಅದರ ‘ಸ್ಪೆಕ್ಟ್ರೋಗ್ರಾಮ್’ ಚಿತ್ರದಲ್ಲಿ ನೋಡಿದರೆ ಟಕ್ ಸದ್ದು ಮೇಲಿನಿಂದ ಕೆಳಗೆ ಎಳೆದ ಗೆರೆಯಂತೆ ಎದ್ದು ಕಾಣುತ್ತದೆ.

ಇಲ್ಲಿ ನಮ್ಮ ಪ್ರಭುವಿನ ಒಂದು ಸಾಮತಿಯನ್ನು ನೆನೆಯಬೇಕಾಗಿದೆ. ಗೋಧಿಯ ಹೊಲದಲ್ಲಿ ಕಳೆ ಬೆಳೆದುದನ್ನು ಕಂಡು ಆಳುಗಳು ಈಗಲೇ ಕಿತ್ತುಬಿಡೋಣವೇ ಎಂದು ಕೇಳಿದಾಗ ಯಜಮಾನನು ಅವಸರಪಡಬೇಡಿರೆಂದನು. ಕಳೆಯೊಡನೆ ಗೋಧಿಯೂ ಕಿತ್ತುಬರುವ ಭಯ ಅವನಿಗಿತ್ತು. ಭತ್ತದ ಗದ್ದೆಯಲ್ಲಿ ಕಳೆ ತೆಗೆದ ನಿಮಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಎಳೆಯದರಲ್ಲಿ ಕಳೆಯೂ ಪೈರೂ ಒಂದೇ ಹಸುರು. ಹಾಗೆಯೇ ಗುಮಟೆಯ ಪೆಟ್ಟು, ತಬಲೆಯ ಮೊದಲ ತಾಡನ, ಕೈತಾಳದ ಸದ್ದು, ಅಷ್ಟೇಕೆ, ನಮ್ಮ ಮಾತಿನ ಕ, ಟ, ಪ ಎಂಬ ಅಕ್ಷರಗಳು ಕೂಡ ಥಟ್ಟನೆ ಹುಟ್ಟುವಂಥವು. ಯಂತ್ರಕ್ಕೆ ಅವೂ ಟಕ್‌ಗಳಂತೆಯೇ ತೋರಬಹುದು. ಸಾಧನದ ಬಿಗಿಯನ್ನು ಹೆಚ್ಚಿಸಿ ಇಡೀ ಹಾಡಿನ ಮೇಲೆ ಓಡಿಸಿದರೆ ಗುಮಟೆಗೆ ಬಟ್ಟೆ ಸುತ್ತಿದಂತಾಗುತ್ತದೆ. ಹಾಡುವವರು ಹಲ್ಲಿಲ್ಲದವರಂತೆ ಕೇಳಿಸುತ್ತಾರೆ.

ನಮ್ಮಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಒಂದು ಕುಟುಂಬದವರು ಗತಿಸಿದ ತಮ್ಮ ಅಜ್ಜಿ ಜಪಸರ ನಡೆಸುವ ಕ್ಯಾಸೆಟ್ಟನ್ನು ತಂದುಕೊಟ್ಟರು. ಅಜ್ಜಿಯ ದನಿ ಉಳಿದಿರುವುದು ಅದೊಂದರಲ್ಲಿಯೇ. ಅದರ ತುಂಬ ಸಣ್ಣ ಸಣ್ಣ ಟಕ್ ಸದ್ದುಗಳಿದ್ದವು. ಯುವಕರು ಶ್ರದ್ಧೆಯಿಂದ ಕುಳಿತು ಎಲ್ಲವನ್ನೂ ತೆಗೆದರು; ದನಿ ನಿರ್ಮಲವಾಯಿತು. ಮನೆಯವರಿಗೆ ಕೇಳಿಸಿದಾಗ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಫಾದರ್, ಇದು ಅಮ್ಮನ ದನಿಯೇ, ಆದರೆ ಮಣಿ ಎಲ್ಲಿ?’ ಎಂದು ಕೇಳಿದರು. ಅಜ್ಜಿಯ ಜಪಸರ ಮರದ ಮಣಿಗಳದು. ಒಂದೊಂದು ನಮೋಮರಿಯೆಗೂ ಅವರು ಒಂದೊಂದು ಮಣಿಯನ್ನು ಮೇಜಿನ ಅಂಚಿಗೆ ತಾಗಿಸಿ ಮುಂದೆ ಸರಿಸುತ್ತಿದ್ದರಂತೆ. ಯುವಕರು ಕಳೆಯೆಂದು ಕಿತ್ತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಜ್ಜಿಯ ಬೆರಳಿನ ಸದ್ದು! ಪುಣ್ಯವಶಾತ್ ಮೂಲವನ್ನು ಹಾಗೆಯೇ ಉಳಿಸಿಕೊಂಡಿದ್ದರು. ಆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಮೊದಲಿನಿಂದ ಆರಂಭಿಸಿದರು. ಇದು ಮಣಿ, ಇದು ಕ್ಯಾಸೆಟ್ಟಿನದು ಎಂದು ಅವರು ಹೇಳುತ್ತ ಹೋದಂತೆ ಒಂದೊಂದನ್ನೇ ಆರಿಸಿ ತೆಗೆದರು. ಮೂರು ಸಂಜೆ ಹಿಡಿಯಿತು. ಈಗ ಆ ಪ್ರಾರ್ಥನೆಯಲ್ಲಿ ಮಣಿಯೂ ಇದೆ, ಅಜ್ಜಿಯೂ ಇದ್ದಾರೆ.

ಆದುದರಿಂದ ಈ ಕಾರ್ಯಕ್ಕೆ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಮೊದಲನೆಯದಾಗಿ, ಇಳಿಸಿಕೊಂಡ ಮೂಲಪ್ರತಿಯನ್ನು ಯಾವ ಕಾರಣಕ್ಕೂ ತಿದ್ದಕೂಡದು. ತಿದ್ದುವುದೆಲ್ಲ ಅದರ ನಕಲಿನಲ್ಲಿ. 1969ರಲ್ಲಿ ಸ್ಥಾಪಿತವಾದ ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವೂ ಇದನ್ನೇ ವಿಧಿಸುತ್ತದೆ; ಮೂಲಪ್ರತಿಯನ್ನು ಸಿ.ಡಿ.ಗಿಂತ ಸೂಕ್ಷ್ಮವಾದ ಅಳತೆಯಲ್ಲಿ, ಸಾಧ್ಯವಾದರೆ ಸೆಕೆಂಡಿಗೆ 96,000 ಅಳತೆಗಳಂತೆ ಇಳಿಸಿಕೊಳ್ಳಬೇಕೆಂದೂ ಹೇಳುತ್ತದೆ. ಎರಡನೆಯದಾಗಿ, ಟಕ್ ತೆಗೆಯುವುದೇ ಮೊದಲ ಕೆಲಸವಾಗಬೇಕು. ಸುಯ್ಯೆನ್ನುವ ಸದ್ದನ್ನು ತಗ್ಗಿಸುವುದು, ದನಿಯನ್ನು ಏರಿಸುವುದು, ಎಂ.ಪಿ.3 ಮಾಡುವುದು ಆಮೇಲೆ. ಬೇರೆ ಶೋಧಕಗಳ ಮೂಲಕ ಹಾಯ್ದ ಟಕ್ ಅಕ್ಕಪಕ್ಕಕ್ಕೆ ಹರಡಿಕೊಂಡು ಹಿಡಿತಕ್ಕೆ ಸಿಗುವುದಿಲ್ಲ. ಮೂರನೆಯದಾಗಿ, ತೆಗೆದದ್ದನ್ನು ಕೇಳಬೇಕು. ಇದು ಬಹು ಮುಖ್ಯ. ಶುದ್ಧಪ್ರತಿಯನ್ನು ‘ಇನ್ವರ್ಟ್’ ಮಾಡಿ ಮೂಲದ ನಕಲಿನೊಡನೆ ಬೆರೆಸಿದರೆ ಎರಡರಲ್ಲಿಯೂ ಇರುವುದೆಲ್ಲ ಒಂದನ್ನೊಂದು ಅಳಿಸಿ, ನೀವು ತೆಗೆದದ್ದು ಮಾತ್ರ ಉಳಿಯುತ್ತದೆ. ಅದರಲ್ಲಿ ಬರಿಯ ಚಟಚಟ ಕೇಳಿದರೆ ಕೆಲಸ ಸರಿಯಾಗಿದೆ. ಹಾಡಿನ ತಾಳವೋ ಮಾತಿನ ತುಣುಕೋ ಕೇಳಿದರೆ ಕಳೆಯೊಡನೆ ಪೈರು ಬಂದಿದೆಯೆಂದು ತಿಳಿದು ಹಿಂದಕ್ಕೆ ಹೋಗಬೇಕು. ನಾಲ್ಕನೆಯದಾಗಿ, ಆ ದನಿಯನ್ನು ಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ದೇವಾಲಯದ ಹೆಂಚಿನ ಮೇಲೆ ಬೀಳುವ ಮಳೆ, ಮಗುವಿನ ಅಳು, ದೂರದ ಗಂಟೆ, ಮೊಣಕಾಲೂರುವಾಗ ಬೆಂಚಿನ ಸದ್ದು, ಇವು ದೋಷಗಳಲ್ಲ. ಅಂದು ಅಲ್ಲಿ ಜನರಿದ್ದರೆಂಬುದಕ್ಕೆ ಇವೇ ಸಾಕ್ಷಿ.

ಇನ್ನು ಸಿ.ಡಿ.ಯ ಬಾಳಿಕೆಯನ್ನು ಕುರಿತು ಒಂದೆರಡು ಮಾತು. ಸಿ.ಡಿ.ಯಲ್ಲಿ ದೋಷವನ್ನು ತಾನೇ ತಿದ್ದಿಕೊಳ್ಳುವ ಗಣಿತವಿದೆ. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ಸೂತ್ರದ ಫಲ ಅದು. ಅದರ ಬಲದಿಂದ ಸುಮಾರು ಎರಡೂವರೆ ಮಿಲಿಮೀಟರಿನ ಗೀರು ಕೂಡ ಕಿವಿಗೆ ಗೊತ್ತಾಗದೆ ಮುಚ್ಚಿಹೋಗುತ್ತದೆ. ಅದಕ್ಕೂ ಮೀರಿದರೆ ಯಂತ್ರ ಊಹಿಸುತ್ತದೆ. ಊಹೆಯೂ ಸೋತಾಗ ಟಕ್ ಎನ್ನುತ್ತದೆ. ಸಿ.ಡಿ.ಯನ್ನು ಒರಸುವಾಗ ನಡುವಿನಿಂದ ಅಂಚಿಗೆ ಒರಸಿರಿ. ಸುತ್ತಲೂ ಒರಸಿದರೆ ಬೀಳುವ ಗೀರು ಬರಹದ ಸಾಲಿನುದ್ದಕ್ಕೂ ಬಿದ್ದು ಹೆಚ್ಚು ಕೇಡು ಮಾಡುತ್ತದೆ. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿರುವುದು ಬಣ್ಣದ ಒಂದು ಪದರ ಮಾತ್ರ. ಬಿಸಿಲು, ಶಾಖ, ತೇವಗಳಿಗೆ ಅದು ಮಾಸುತ್ತದೆ. ಅದರ ಮೇಲೆ ಕಾಗದದ ಚೀಟಿ ಅಂಟಿಸಬೇಡಿರಿ. ಹೊಸ ಗಣಕಯಂತ್ರಗಳಲ್ಲಿ ಸಿ.ಡಿ. ಹಾಕುವ ಕಂಡಿಯೇ ಅಪರೂಪವಾಗಿದೆ. ಆದುದರಿಂದ ಸಿ.ಡಿ.ಯಲ್ಲಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಮಲೆನಾಡಿನ ಮನೆಗಳಲ್ಲಿ ಓಲೆಗರಿಯ ಗ್ರಂಥಗಳು ಉಳಿದುಬಂದದ್ದು ಒಂದು ತಲೆಮಾರು ಇನ್ನೊಂದಕ್ಕೆ ಬರೆದುಕೊಟ್ಟದ್ದರಿಂದ, ಗರಿ ಚಿರಾಯುವೆಂದಲ್ಲ. ದನಿಗೂ ಅದೇ ದಾರಿ.

ತಡ ಮಾಡಿದರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲಿಯೇ ಉದಾಹರಣೆಯಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು; ಜನ ಕಿಕ್ಕಿರಿದು ನೋಡಿದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಮೊದಲ ಬಾರಿಗೆ ಬೆಳ್ಳಿತೆರೆಯ ಮೇಲೆ ಮಾತನಾಡಿದ ದನಿ ಹೇಗಿತ್ತೆಂದು ಇನ್ನು ಯಾರೂ ಕೇಳಲಾರರು. ಒಂದು ನಾಡಿಗೇ ಹೀಗಾದ ಮೇಲೆ ನಮ್ಮ ಚಿಕ್ಕ ಧರ್ಮಕೇಂದ್ರದ ಮಾತೇನು?

ಆದುದರಿಂದ ಕುಟುಂಬದ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿದು. ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ಮನೆಯ ಕ್ಯಾಸೆಟ್ಟು, ಸಿ.ಡಿ.ಗಳನ್ನು ಹುಡುಕಿ ತನ್ನಿರಿ. ಕ್ಯಾಸೆಟ್ಟಿನ ಮೇಲೆ ಏನು ಬರೆದಿದೆಯೋ ಅದನ್ನು ಅಳಿಸಬೇಡಿರಿ. ಏನೂ ಬರೆದಿಲ್ಲವಾದರೆ ಯಾರ ದನಿ, ಯಾವ ಸಂದರ್ಭ, ಸುಮಾರು ಯಾವ ವರ್ಷ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಮನೆಯ ಒಳಮಾತುಗಳಿರುವ ಕ್ಯಾಸೆಟ್ಟಾದರೆ ಹಾಗೆಂದು ತಿಳಿಸಿರಿ. ನೀವು ಒಪ್ಪದ ಯಾವುದನ್ನೂ ಸಂಗ್ರಹದಲ್ಲಿ ಸೇರಿಸುವುದಿಲ್ಲ. ಅಂಗಡಿಯಲ್ಲಿ ಕೊಂಡ ಭಕ್ತಿಗೀತೆಗಳ ಕ್ಯಾಸೆಟ್ಟುಗಳು ಬೇಡ. ಪ್ರಕಟವಾದ ಧ್ವನಿಮುದ್ರಿಕೆಗೆ ನಮ್ಮ ದೇಶದ ಕಾನೂನಿನಂತೆ 60 ವರ್ಷಗಳ ಹಕ್ಕುಸ್ವಾಮ್ಯವಿದೆ, ಅದನ್ನು ನಕಲು ಮಾಡಿ ಹಂಚುವುದು ನಮಗೆ ಸಲ್ಲದು.

ಯುವಜನರೇ, ನಿಮಗೆ ಯಂತ್ರದ ಜ್ಞಾನವಿದೆ. ಹಿರಿಯರಿಗೆ ದನಿಯ ನೆನಪಿದೆ. ಒಂದಿಲ್ಲದೆ ಇನ್ನೊಂದು ಕುರುಡು. ಹೆಡ್‌ಫೋನಿನ ಒಂದು ಕಿವಿಯನ್ನು ನೀವಿಟ್ಟುಕೊಳ್ಳಿರಿ, ಇನ್ನೊಂದನ್ನು ಅಜ್ಜನಿಗೋ ಅಜ್ಜಿಗೋ ಕೊಡಿರಿ. ಯಾವುದು ಕಳೆ, ಯಾವುದು ಪೈರು ಎಂದು ಇಬ್ಬರೂ ಸೇರಿ ನಿರ್ಧರಿಸಿರಿ. ನೂರು ವರ್ಷಗಳಲ್ಲಿ ಈ ದೇವಾಲಯದಲ್ಲಿ ಬಾಯಿತೆರೆದು ದೇವರನ್ನು ಕೊಂಡಾಡಿದವರಲ್ಲಿ ಬಹುಮಂದಿ ಇಂದು ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಅವರಲ್ಲಿ ಬೆರಳೆಣಿಕೆಯ ಕೆಲವರ ದನಿಯಾದರೂ ನಮ್ಮ ಮಕ್ಕಳ ಮಕ್ಕಳಿಗೆ ಕೇಳುವಂತಾಗಲಿ. ಕೇಳಿದಾಗ ಅದು ಅವರದೇ ದನಿಯಾಗಿರಲಿ.

ಸರ್ವೇಶ್ವರನು ನಿಮ್ಮ ಈ ಶ್ರಮವನ್ನು ಆಶೀರ್ವದಿಸಲಿ.